ಹಳೆಯ ಬೆಳ್ಳಿ ನಾಣ್ಯವನ್ನು ತಿಕ್ಕಿದರೆ ಬೆಲೆ ಹೆಚ್ಚುತ್ತದೆಯೇ?

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಕಪ್ಪು ಬೆಳ್ಳಿ ರೂಪಾಯಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ, ಫಳಫಳ ಹೊಳೆಯುತ್ತದೆ, ಒಳ್ಳೆಯ ಬೆಲೆ ಬರುತ್ತದೆ – ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಹೊಳೆಯುವುದೇನೋ ನಿಜ. ಆದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ನಾಣ್ಯ ಸಂಗ್ರಹಿಸುವವರು ತಿಕ್ಕಿದ ನಾಣ್ಯವನ್ನು ಹಾಳಾದ ನಾಣ್ಯವೆಂದೇ ಎಣಿಸುತ್ತಾರೆ.

ಕಪ್ಪು ಎಂದರೆ ಕೊಳೆಯೇ?

ಅಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳ ಜೊತೆ ಬೆಳ್ಳಿ ಸೇರಿದಾಗ ಬೆಳ್ಳಿ ಸಲ್ಫೈಡ್ ಎಂಬ ತೆಳುವಾದ ಪದರ ಮೂಡುತ್ತದೆ. ಆ ಕಪ್ಪಿನಲ್ಲೂ ನಾಣ್ಯದ ಬೆಳ್ಳಿಯೇ ಇದೆ. ತಿಕ್ಕಿದರೆ ಅದೂ ಹೋಗುತ್ತದೆ. ಜೊತೆಗೆ, ಟೂತ್‌ಪೇಸ್ಟ್‌ನಲ್ಲಿ ಹಲ್ಲಿನ ಕಲೆ ತೆಗೆಯಲು ಹಾಕುವ ಗಟ್ಟಿ ಕಣಗಳಿರುತ್ತವೆ. ಬೆಳ್ಳಿ ಮೆತ್ತನೆಯ ಲೋಹ, ಸುಲಭವಾಗಿ ಗೀರು ಬೀಳುತ್ತದೆ. ಬಿದ್ದ ಗೀರನ್ನು ಮತ್ತೆ ಅಳಿಸಲಾಗದು.

ತಿಕ್ಕಿದ್ದಾರೆ ಎಂದು ತಿಳಿಯುವುದು ಹೇಗೆ?

1. ಓರೆ ಮಾಡಿ ನೋಡಿ: ಕೋಣೆಯಲ್ಲಿ ಒಂದೇ ದೀಪ ಹಚ್ಚಿ. ನಾಣ್ಯದ ಅಂಚು ಹಿಡಿದು ನಿಧಾನವಾಗಿ ತಿರುಗಿಸಿ. ಹೆಚ್ಚು ಬಳಸದ, ತಿಕ್ಕದ ನಾಣ್ಯದಲ್ಲಿ ಬೆಳಕು ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ಅಚ್ಚು ಒತ್ತುವಾಗ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳೇ ಇದಕ್ಕೆ ಕಾರಣ. ತಿಕ್ಕಿದರೆ ಈ ಗೆರೆಗಳು ಅಳಿದು ಹೊಳಪು ನಿರ್ಜೀವವಾಗುತ್ತದೆ.

2. ಗೀರು ಹುಡುಕಿ: ಭೂತಗನ್ನಡಿಯಲ್ಲಿ ಖಾಲಿ ಜಾಗಗಳನ್ನು ನೋಡಿ. ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಅಥವಾ ಸುತ್ತುಸುತ್ತಾಗಿ ಇದ್ದರೆ ಬಟ್ಟೆ, ಬ್ರಷ್ಷಿನ ಕೆಲಸ. ಕೈಯಿಂದ ಕೈಗೆ ಓಡಾಡಿ ಬಿದ್ದ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ.

3. ಸವೆತಕ್ಕೂ ಬಣ್ಣಕ್ಕೂ ತಾಳೆ ಇದೆಯೇ? ವಿಕ್ಟೋರಿಯಾ ರೂಪಾಯಿಯಲ್ಲಿ ರಾಣಿಯ ಕೆನ್ನೆ, ಕಿರೀಟ ಸವೆದಿದ್ದರೂ ನಾಣ್ಯವೆಲ್ಲ ಒಂದೇ ಸಮ ಬೆಳ್ಳಗಿದ್ದರೆ ಅನುಮಾನಿಸಿ.

4. ಅಕ್ಷರಗಳ ಸಂದಿ ನೋಡಿ: ಸುತ್ತಲೂ ಬೆಳ್ಳಗಿದ್ದು ಸಂದಿಯಲ್ಲಿ ಮಾತ್ರ ಗಾಢ ಕಪ್ಪು ಅಥವಾ ಬಿಳಿ ಪುಡಿ ಉಳಿದಿದ್ದರೆ ತಿಕ್ಕಿರುವ ಸಾಧ್ಯತೆ ಹೆಚ್ಚು.

ಒಂದೇ ಲಕ್ಷಣ ನೋಡಿ ತೀರ್ಮಾನಿಸಬೇಡಿ. ಜೋಪಾನವಾಗಿ ಇಟ್ಟ ನಾಣ್ಯ ನೂರು ವರ್ಷದ ಬಳಿಕವೂ ಹೊಳೆಯಬಹುದು. ಎರಡು ಮೂರು ಲಕ್ಷಣ ಒಟ್ಟಿಗೆ ಕಂಡರೆ ಅನುಮಾನ ಗಟ್ಟಿ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ?

ನೇರ ಬೆಳಕಿನ ಫೋಟೋದಲ್ಲಿ ಗೀರು ಕಾಣುವುದಿಲ್ಲ. ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ತಿರುಗಿಸುವ ವಿಡಿಯೋ ಕೇಳಿ. ಕಳಿಸಲು ಹಿಂಜರಿದರೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಈಗಾಗಲೇ ತಿಕ್ಕಿಬಿಟ್ಟಿದ್ದರೆ?

ಪೂಜೆಗೆಂದು ವಿಭೂತಿಯಲ್ಲಿ ಉಜ್ಜಿದ ರೂಪಾಯಿ ಎಷ್ಟೋ ಮನೆಗಳಲ್ಲಿದೆ. ಅದು ವ್ಯರ್ಥವಾಗಿಲ್ಲ. ವಿಕ್ಟೋರಿಯಾ ರೂಪಾಯಿಯ ಮೂಲ ತೂಕ 11.66 ಗ್ರಾಂ, ಅದರಲ್ಲಿ ಶೇ. 91.7ರಷ್ಟು ಬೆಳ್ಳಿ. ಆ ಬೆಳ್ಳಿಯ ಬೆಲೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಳೆದುಹೋಗುವುದು ಹಳೆಯ ನಾಣ್ಯವೆಂದು ಸಿಗಬಹುದಾಗಿದ್ದ ಹೆಚ್ಚಿನ ಬೆಲೆ. ಮತ್ತೆ ತಿಕ್ಕಬೇಡಿ. ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಅದರಲ್ಲಿನ ಗಂಧಕ ಬೆಳ್ಳಿಯನ್ನು ಇನ್ನಷ್ಟು ಕಪ್ಪಾಗಿಸುತ್ತದೆ.

ಮಾರುವ ಯೋಚನೆಯಿದ್ದರೆ ಕಪ್ಪಾದ ನಾಣ್ಯವನ್ನು ಇದ್ದ ಹಾಗೆಯೇ ತಿಳಿದವರಿಗೆ ತೋರಿಸಿ. ಟೂತ್‌ಪೇಸ್ಟ್ ಹಲ್ಲಿಗೇ ಇರಲಿ.