ಗ್ರಬ್ ರೆಸ್ಕ್ಯೂ: ಕಡತಗಳು ಹೋದವೇ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಉಬುಂಟು ಇದೆ. ಬೇಡದ ಪಾರ್ಟಿಷನ್ ಒಂದನ್ನು ಅಳಿಸಿದೆ. ಈಗ ಕಪ್ಪು ಪರದೆಯಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದಷ್ಟೇ ಬರುತ್ತದೆ. ಕಡತಗಳೆಲ್ಲ ಹೋದವೇ?

ಉತ್ತರ: ಗಾಬರಿಯಾಗಬೇಡಿ. ನೀವು ಅಳಿಸಿದ ಭಾಗವೊಂದನ್ನು ಬಿಟ್ಟರೆ ಉಳಿದದ್ದು ಬಹುಪಾಲು ಇದ್ದಲ್ಲೇ ಇರುತ್ತದೆ. ದಾರಿ ತಪ್ಪಿರುವುದು ಗಣಕವನ್ನು ಆರಂಭಿಸುವ ತಂತ್ರಾಂಶವಾದ ಗ್ರಬ್‌ಗೆ.

ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳ ಪೈಕಿ ಬೂಟ್ ಕೋಡ್‌ಗೆ ಸಿಗುವುದು 446 ಮಾತ್ರ. ಅಷ್ಟರಲ್ಲಿ ಇಡೀ ಗ್ರಬ್ ಹಿಡಿಯುವುದಿಲ್ಲ. ತನ್ನ ಉಳಿದ ಕಡತಗಳು ಯಾವ ಪಾರ್ಟಿಷನ್‌ನಲ್ಲಿವೆ ಎಂಬ ವಿಳಾಸ ಹಿಡಿದು ಅದು ಮುಂದೆ ಸಾಗಬೇಕು. 5ನೆಯ ಲಾಜಿಕಲ್ ಪಾರ್ಟಿಷನ್ ಅಳಿಸಿದರೆ 6ನೆಯದೇ 5 ಆಗಿಬಿಡುತ್ತದೆ. ಗ್ರಬ್ ಮಾತ್ರ ಹಳೆಯ 6ನೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ!

ಆ ಪರದೆಯಲ್ಲೇ ‘ಎಲ್‌ಎಸ್’ ಆದೇಶ ಕೊಟ್ಟು ಪಾರ್ಟಿಷನ್‌ಗಳನ್ನು ಒಂದೊಂದಾಗಿ ನೋಡಿ. ಬೂಟ್ ಫೋಲ್ಡರಿನೊಳಗೆ ಗ್ರಬ್ ಫೋಲ್ಡರ್ ಸಿಕ್ಕಿದ ಪಾರ್ಟಿಷನ್ನೇ ಸರಿಯಾದ ವಿಳಾಸ. ‘ಸೆಟ್’ ಆದೇಶದಿಂದ, ಗ್ರಬ್ ಈ ವಿಳಾಸ ಇಟ್ಟುಕೊಳ್ಳುವ ಪ್ರಿಫಿಕ್ಸ್‌ಗೆ ಅದನ್ನು ತಿಳಿಸಿ, ‘ಇನ್ಸ್‌ಮಾಡ್ ನಾರ್ಮಲ್’, ನಂತರ ‘ನಾರ್ಮಲ್’ ಎನ್ನಿ. ಪರಿಚಿತ ಮೆನು ಬರುತ್ತದೆ.

ಇದು ಆ ಒಂದು ಸಲಕ್ಕೆ ಮಾತ್ರ. ಉಬುಂಟು ತೆರೆದೊಡನೆ ‘ಗ್ರಬ್-ಇನ್‌ಸ್ಟಾಲ್’ ನಡೆಸಿ; ಪಾರ್ಟಿಷನ್ ಸಂಖ್ಯೆ ಸೇರಿಸದೆ ಇಡೀ ಡಿಸ್ಕಿನ ಹೆಸರು ಕೊಡಬೇಕು. ಬಹಳ ಜನ ಎಡವುವುದು ಇಲ್ಲೇ. ಬಳಿಕ ‘ಅಪ್‌ಡೇಟ್-ಗ್ರಬ್’. ಗ್ರಬ್ ಫೋಲ್ಡರೇ ಸಿಗದಿದ್ದರೆ ಅಳಿಸಿದ್ದು ಉಬುಂಟು ಇದ್ದ ಪಾರ್ಟಿಷನ್ ಇರಬಹುದು. ಆಗ ಲೈವ್ ಯುಎಸ್‌ಬಿಯಿಂದ ಗಣಕ ಆರಂಭಿಸಿ, ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಅದಕ್ಕೆ ಮೊದಲು ದಯವಿಟ್ಟು ಏನನ್ನೂ ಫಾರ್ಮ್ಯಾಟ್ ಮಾಡಬೇಡಿ.