ಬಜಪೆಯ ವಿಮಾನ ನಿಲ್ದಾಣ: ಘಟ್ಟದ ಮೇಲಿನ ಸೀಮೆಯ ದೃಷ್ಟಿಯಿಂದ ಒಂದು ಪರಿಚಯ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನಗಳು ಬಂದಿಳಿಯುವ ನಿಲ್ದಾಣವಿಲ್ಲ. ಬಣಕಲ್, ಕೊಟ್ಟಿಗೆಹಾರದ ಕಾಫಿ ಸೀಮೆಯವರಿಗೆ ಚಾರ್ಮಾಡಿ ಘಟ್ಟ ಇಳಿದು, ಉಜಿರೆ, ಬೆಳ್ತಂಗಡಿಗಳನ್ನು ಹಾದು ತಲುಪುವ ಬಜಪೆಯೇ ಬಹುಕಾಲದಿಂದ ರೂಢಿಯಲ್ಲಿರುವ ವಿಮಾನ ನಿಲ್ದಾಣ. ಕಳಸದವರು ಕುದುರೆಮುಖ, ಕಾರ್ಕಳದ ಹಾದಿಯಲ್ಲಿ ಅಲ್ಲಿಗೆ ಹೋಗುತ್ತಾರೆ. ಈ ನಿಲ್ದಾಣದ ಇತಿಹಾಸವನ್ನೂ ಸೌಲಭ್ಯಗಳನ್ನೂ ಪರಿಶೀಲಿಸಿದಾಗ ಎದ್ದು ಕಾಣುವ ಅಂಶವೊಂದಿದೆ. ಅದರ ಬೆಳವಣಿಗೆಯನ್ನೂ ಮಿತಿಯನ್ನೂ ನಿರ್ಧರಿಸಿದ್ದರಲ್ಲಿ ನೆಲದ ಆಕಾರದ ಪಾಲು ಬಹು ದೊಡ್ಡದು.

ಮಂಗಳೂರಿನ ಆಸುಪಾಸಿನ ಭೂಮಿ ಮುರಕಲ್ಲಿನ ಗುಡ್ಡಗಳಿಂದಲೂ ಅವುಗಳ ನಡುವಣ ಕಿರುಕಣಿವೆಗಳಿಂದಲೂ ಕೂಡಿದೆ. ಗುಡ್ಡದ ನೆತ್ತಿಯ ಸಮತಟ್ಟಾದ ಬಯಲನ್ನು ತುಳುವಿನಲ್ಲಿ ‘ಪದವು’ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಇಂತಹ ನೆಲೆಯಲ್ಲಿ ನಿಲ್ದಾಣ ನಿರ್ಮಾಣವಾಯಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದುದರೊಂದಿಗೆ ಅದರ ಚರಿತ್ರೆ ಆರಂಭವಾಗುತ್ತದೆ. ಆಗ ದಕ್ಷಿಣ ಕನ್ನಡವು ಮದರಾಸು ರಾಜ್ಯದಲ್ಲಿತ್ತು. ಮೂಡಿಗೆರೆಯು ಮೈಸೂರು ರಾಜ್ಯದಲ್ಲಿತ್ತು. 1956ರ ನವೆಂಬರ್ 1ರ ಏಕೀಕರಣದವರೆಗೆ ಬಣಕಲ್‌ನವರ ಪಾಲಿಗೆ ಬಜಪೆಯು ಮತ್ತೊಂದು ರಾಜ್ಯದ ನಿಲ್ದಾಣವಾಗಿತ್ತು. ಕುದುರೆಮುಖದ ದಾರಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಎಸ್.ಕೆ. ಬಾರ್ಡರ್’ ಎಂಬ ಸ್ಥಳನಾಮವು ಹಿಂದಿನ ಸೌತ್ ಕೆನರಾ ಜಿಲ್ಲೆಯ ಗಡಿಯ ನೆನಪನ್ನು ಉಳಿಸಿಕೊಂಡಿದೆ.

ಮೊದಲ ರನ್‌ವೇ ಉದ್ದ 1,615 ಮೀಟರ್. ದೇಶದೊಳಗಿನ ಹಾರಾಟಗಳಿಗೆ ಇದು ಹೇಗೋ ಸಾಲುತ್ತಿತ್ತು. ಆದರೆ ಭಾರ ಹೆಚ್ಚಿದಷ್ಟೂ ವಿಮಾನ ಮೇಲೇರಲು ಹೆಚ್ಚು ಓಟ ಬೇಕು. ಕೊಲ್ಲಿ ರಾಷ್ಟ್ರಗಳವರೆಗಿನ ಇಂಧನವನ್ನೂ ಪೂರ್ಣ ಸಂಖ್ಯೆಯ ಪ್ರಯಾಣಿಕರನ್ನೂ ಹೊತ್ತ ವಿಮಾನಕ್ಕೆ ಈ ಉದ್ದ ಸಾಲದು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ರನ್‌ವೇಯ ಅಂಚನ್ನು ದಾಟಿ ನಿಂತಿತು, ಪ್ರಾಣಹಾನಿಯಾಗಲಿಲ್ಲ. ಗುಡ್ಡದ ನೆತ್ತಿಯಲ್ಲಿ ಮುಂದಕ್ಕೆ ಉಳಿದಿರುವ ಜಾಗ ಎಷ್ಟು ಕಡಿಮೆ ಎಂಬುದಕ್ಕೆ ಅದು ಮುನ್ಸೂಚನೆಯಾಗಿತ್ತು.

ಈ ಕೊರತೆಯನ್ನು ನೀಗಲು 2,450 ಮೀಟರ್ ಉದ್ದದ ಎರಡನೆಯ ರನ್‌ವೇ ನಿರ್ಮಾಣಗೊಂಡು 2006ರಲ್ಲಿ ಬಳಕೆಗೆ ಬಂದಿತು. ರನ್‌ವೇಗಳನ್ನು ದಿಕ್ಸೂಚಿಯ ಕೋನದಿಂದ ಗುರುತಿಸುವುದು ವಾಡಿಕೆ. ಹಳೆಯದು 09/27, ಅಂದರೆ ಪೂರ್ವ–ಪಶ್ಚಿಮ. ಹೊಸದು 06/24, ಅಂದರೆ ಈಶಾನ್ಯ–ನೈಋತ್ಯ. ಅದೇ ವರ್ಷ ದುಬೈ ಕಡೆಗೆ ನೇರ ಹಾರಾಟ ಆರಂಭವಾಯಿತು. ಕೆಂಜಾರು ಬದಿಯ ಹೊಸ ಟರ್ಮಿನಲ್ ಕಟ್ಟಡ 2010ರ ಮೇ 15ರಂದು ಉದ್ಘಾಟನೆಗೊಂಡಿತು.

ಅದಾದ ಏಳನೆಯ ದಿನ, ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯವು, ಸಹಪೈಲಟ್ ಎಚ್ಚರಿಸಿದರೂ ಸ್ಥಿರವಲ್ಲದ ಇಳಿತವನ್ನು ಕೈಬಿಡದೆ ಮುಂದುವರಿಸಿದುದೇ ಅಪಘಾತದ ನೇರ ಕಾರಣವೆಂದು ನಿರ್ಣಯಿಸಿತು. ಚಕ್ರಗಳು ನೆಲ ಮುಟ್ಟುವಷ್ಟರಲ್ಲಿ ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಹಿಂದೆ ಸರಿದಿತ್ತು. ಆದ್ದರಿಂದ ದುರಂತದ ಹೊಣೆಯನ್ನು ನೆಲದ ಮೇಲೆ ಹೊರಿಸುವುದು ಸರಿಯಲ್ಲ. ಆದರೆ ಬಯಲಿನಲ್ಲಿ ತಪ್ಪಿಗೆ ದೊರೆಯಬಹುದಾದ ಅವಕಾಶ ಗುಡ್ಡದ ನೆತ್ತಿಯಲ್ಲಿ ದೊರೆಯುವುದಿಲ್ಲ ಎಂಬುದನ್ನು ಅಲ್ಲಗಳೆಯಲಾಗದು. ರನ್‌ವೇಯ ತುದಿಯಾಚೆ ಬಿಡಬೇಕಾದ ಸುರಕ್ಷತಾ ವಲಯಕ್ಕೆ ಅಂತರರಾಷ್ಟ್ರೀಯ ನಿಯಮದ ಕನಿಷ್ಠ ಉದ್ದ 90 ಮೀಟರ್, ಶಿಫಾರಸು ಮಾಡಿದ ಉದ್ದ 240 ಮೀಟರ್. ಬಜಪೆಯಲ್ಲಿದ್ದುದು ಕನಿಷ್ಠ ಪ್ರಮಾಣ. 2020ರ ಆಗಸ್ಟ್ 7ರಂದು ಇಂತಹುದೇ ನೆಲೆಯ ಕೋಳಿಕ್ಕೋಡಿನಲ್ಲಿ ನಡೆದ ಅವಘಡದಲ್ಲಿ 21 ಮಂದಿ ಅಸುನೀಗಿದುದು ಈ ಪ್ರಶ್ನೆಯನ್ನು ಮತ್ತೆ ಮುನ್ನೆಲೆಗೆ ತಂದಿತು.

ನಿಲ್ದಾಣಕ್ಕೆ 2012ರಲ್ಲಿ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. 2020ರ ಅಕ್ಟೋಬರ್ 31ರಿಂದ ಅದರ ನಿರ್ವಹಣೆ 50 ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಮೂಹದ ಕೈಯಲ್ಲಿದೆ. ಮಳೆಗಾಲದ ಮೋಡ, ಮಳೆಗಳಿಂದ ನೋಟ ಮಸುಕಾದಾಗ ವಿಮಾನಕ್ಕೆ ರೇಡಿಯೋ ಸಂಕೇತಗಳ ಮೂಲಕ ರನ್‌ವೇಯ ನಡುಗೆರೆಯನ್ನೂ ಇಳಿಜಾರನ್ನೂ ತೋರಿಸುವ ಉಪಕರಣ ವ್ಯವಸ್ಥೆ ಇಲ್ಲಿದೆ. ಪಶ್ಚಿಮ ಕರಾವಳಿಯ ಮಳೆಯಲ್ಲಿ ಇದು ಅನಿವಾರ್ಯ ಸೌಲಭ್ಯ.

ಹೋಲಿಕೆಗಾಗಿ ಶಿವಮೊಗ್ಗದ ಸೋಗಾನೆಯನ್ನು ಗಮನಿಸಬಹುದು. 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದ ರನ್‌ವೇ ಉದ್ದ 3,200 ಮೀಟರ್. ಬಜಪೆಗಿಂತ ಚಿಕ್ಕ ನಿಲ್ದಾಣವಾದರೂ ವಿಶಾಲ ಬಯಲಿನಿಂದಾಗಿ ಅದಕ್ಕೆ ಉದ್ದನೆಯ ರನ್‌ವೇ ಒದಗಿದೆ. ತರೀಕೆರೆ, ನರಸಿಂಹರಾಜಪುರದ ಕಡೆಯವರಿಗೆ ಅದು ಅನುಕೂಲ. ಬಣಕಲ್ ಸೀಮೆಯ ದಾರಿ ಮಾತ್ರ ಇಂದಿಗೂ ಘಟ್ಟದ ಕೆಳಗಿನದೇ.

ಈ ಸೀಮೆಯ ಮುಖ್ಯ ಬೆಳೆಯಾದ ಕಾಫಿ ಹೊರದೇಶಗಳಿಗೆ ಸಾಗುವುದು ಬಹುಮಟ್ಟಿಗೆ ಹಡಗಿನಲ್ಲಿ. ಬಜಪೆಯನ್ನು ಅವಲಂಬಿಸಿರುವುದು ಬೆಳೆಗಿಂತ ಮಿಗಿಲಾಗಿ ಜನ: ದೂರದ ಊರುಗಳಲ್ಲಿ ದುಡಿಯುವವರು, ಅವಸರದಲ್ಲಿ ಮನೆಗೆ ಮರಳಬೇಕಾದವರು. ಅವರಿಗೆ ನಿಲ್ದಾಣದ ಸೌಲಭ್ಯವು ಟರ್ಮಿನಲ್ಲಿನ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಕೊಟ್ಟಿಗೆಹಾರದ ತಿರುವಿನಲ್ಲಿ ಆರಂಭವಾಗುತ್ತದೆ. 2019ರ ಆಗಸ್ಟ್ ತಿಂಗಳ ಭೂಕುಸಿತದಿಂದ ಚಾರ್ಮಾಡಿಯಲ್ಲಿ ಸಂಚಾರ ಸ್ಥಗಿತಗೊಂಡಾಗ ಈ ಸಂಗತಿ ಎಲ್ಲರ ಅನುಭವಕ್ಕೂ ಬಂದಿತು. ಆದುದರಿಂದ ಮಲೆನಾಡಿನ ವಿಮಾನ ಸೌಕರ್ಯದ ಯಾವುದೇ ಅಧ್ಯಯನವು ರನ್‌ವೇಯ ಉದ್ದದೊಂದಿಗೆ ಎರಡು ತುದಿಗಳನ್ನು ಪರಿಗಣಿಸಬೇಕಾಗುತ್ತದೆ: ರನ್‌ವೇ ಮುಗಿದ ಮೇಲೆ ಉಳಿಯುವ ನೆಲ ಮತ್ತು ನಿಲ್ದಾಣದವರೆಗೆ ತಲುಪಿಸುವ ಘಟ್ಟದ ರಸ್ತೆ. ಇವೆರಡೂ ಭದ್ರವಾಗಿದ್ದಾಗಲೇ ಗುಡ್ಡದ ನೆತ್ತಿಯ ಈ ನಿಲ್ದಾಣವು ಘಟ್ಟದ ಮೇಲಿನವರಿಗೂ ತಮ್ಮದಾಗುತ್ತದೆ.