ಟರ್ಬೊಗೆ ಕಡಿವಾಣ ಹಾಕುವ ಎರಡು ವೈರು

ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲೇ ತನ್ನ ಟರ್ಬೊ ಕಾರುಗಳಿಗೆ ಎಪಿಸಿ ಎಂಬ ವ್ಯವಸ್ಥೆ ಅಳವಡಿಸಿತು. ಎಂಜಿನ್ ‘ನಾಕ್’ ಹೊಡೆಯುವುದನ್ನು, ಅಂದರೆ ಇಂಧನ ಅಡ್ಡಾದಿಡ್ಡಿ ಸಿಡಿಯುವುದನ್ನು, ಸೆನ್ಸರ್ ಗುರುತಿಸಿದ ಕೂಡಲೇ ಪುಟ್ಟ ಸೊಲೆನಾಯ್ಡ್ ವಾಲ್ವ್ ಮೂಲಕ ಟರ್ಬೊ ಒತ್ತಡ ಇಳಿಯುತ್ತಿತ್ತು. ಪೆಟ್ರೋಲ್ ಗುಣಮಟ್ಟ ಕೊಂಚ ಕಡಿಮೆಯಿದ್ದರೂ ಎಂಜಿನ್ ಬಚಾವ್!

ಒತ್ತಡ ಹೆಚ್ಚಾದಾಗ ವೇಸ್ಟ್‌ಗೇಟ್ ಎಂಬ ಕಿಂಡಿ ತೆರೆದು, ಹೊಗೆಯ ಒಂದು ಪಾಲು ಟರ್ಬೈನ್ ಮುಟ್ಟದೆ ಹೊರಹೋಗುತ್ತದೆ. ವೇಸ್ಟ್‌ಗೇಟನ್ನು ತೆರೆಯುವ ಗಾಳಿಯಲ್ಲಿ ಒಂದಷ್ಟನ್ನು ಸೊಲೆನಾಯ್ಡ್ ಬೇರೆಡೆಗೆ ಬಿಟ್ಟರೆ ಅದು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ.

ಹಳೆಯ ಕಾರಿನಲ್ಲಿ ಈ ವಾಲ್ವ್ ಬದಲಿಸುವ ಮೊದಲು ಅದರ ವೈರನ್ನೇ ಅನುಮಾನಿಸಬೇಕು. ಎಂಜಿನ್ ಬಿಸಿಗೆ ವೈರಿನ ಪ್ಲಾಸ್ಟಿಕ್ ಹೊದಿಕೆ ಪೆಡಸಾಗಿ, ಮುಟ್ಟಿದರೆ ಉದುರುತ್ತದೆ. ಸಾಮಾನ್ಯ ಎರಡು ವೈರಿನ ಸೊಲೆನಾಯ್ಡ್‌ನಲ್ಲಿ ಒಂದಕ್ಕೆ ಇಗ್ನಿಷನ್ ಆನ್ ಆದಾಗ ಫ್ಯೂಸ್ ಮೂಲಕ 12 ವೋಲ್ಟ್ ಬರುತ್ತದೆ. ಇನ್ನೊಂದು ಕಂಟ್ರೋಲ್ ಯೂನಿಟ್‌ಗೆ ಹೋಗುತ್ತದೆ. ಆ ಯೂನಿಟ್ ಸೆಕೆಂಡಿಗೆ ಹಲವು ಬಾರಿ ಅರ್ತ್ ಕೊಟ್ಟು, ಮತ್ತೆ ತೆಗೆಯುತ್ತದೆ.

ವೈರ್ ತುಂಡಾದರೆ ಒತ್ತಡ ಕನಿಷ್ಠಕ್ಕೆ ಇಳಿದು ಕಾರು ಮಂಕಾಗುತ್ತದೆ, ಅಷ್ಟೇ. ಎರಡನೇ ವೈರನ್ನು ನೇರವಾಗಿ ಕಾರಿನ ಲೋಹದ ಮೈಗೆ ಅರ್ತ್ ಮಾಡಿದರೆ ಮಾತ್ರ ಕಥೆ ಬೇರೆ: ವಾಲ್ವ್ ಸದಾ ಆನ್, ಒತ್ತಡಕ್ಕೆ ಲಂಗುಲಗಾಮಿಲ್ಲ, ಪಿಸ್ಟನ್‌ಗೇ ಕುತ್ತು. ಟರ್ಬೊ ಒತ್ತಡ ತೋರಿಸುವ ಬೂಸ್ಟ್ ಗೇಜ್ ಇಲ್ಲದೆ ಈ ವೈರಿಂಗ್‌ಗೆ ಕೈ ಹಾಕಬೇಡಿ.